ಬೆಣ್ಣೆತೊರಾ ಜಲಾನಯನ ಕ್ಯೂಜಿಐಎಸ್‌ನಲ್ಲಿ: ಯಾವುದು ಮೊದಲು, ಎಲ್ಲಿ ಕೈಕೊಡುತ್ತದೆ

"ಸರ್, ಬೇಸಿನ್ ಬರ್ತಾ ಇಲ್ಲ." ಇಂಥ ಮೆಸೇಜ್ ವಾರಕ್ಕೆ ಒಂದಾದರೂ ಬರುತ್ತದೆ. ಬೇಸಿನ್ ಎಂದರೆ ಜಲಾನಯನ, ಒಂದು ಜಾಗಕ್ಕೆ ಹರಿದು ಬರುವ ನೀರೆಲ್ಲ ಬೀಳುವ ನೆಲ. ಜೊತೆಗೊಂದು ಸ್ಕ್ರೀನ್‌ಶಾಟ್ ಇರುತ್ತದೆ. ಒಬ್ಬರದು ಪರದೆಯೆಲ್ಲ ಕಪ್ಪು. ಇನ್ನೊಬ್ಬರಿಗೆ ಜಲಾನಯನ ಬಂದಿದೆ, ಆದರೆ ಎರಡು ಎಕರೆ ತೊಗರಿ ಹೊಲದಷ್ಟು. ಮತ್ತೊಬ್ಬರದು ಒಂದು ಬದಿ ಸ್ಕೇಲ್ ಇಟ್ಟು ಎಳೆದಂತೆ ನೇರ. ಇನ್ನೊಬ್ಬರ ಮಳೆಮಾಪಕಗಳೆಲ್ಲ ಹಿಮದ ನಾಡಿಗೆ ಹೋಗಿ ಕೂತಿವೆ.

ಇವರೆಲ್ಲ ಕೇಳುವುದು ಒಂದೇ: ಯಾವ ಟೂಲ್ ಬಳಸಬೇಕು? ಟೂಲ್ ಬಹುತೇಕ ಸರಿಯಾಗೇ ಇರುತ್ತದೆ. ತಪ್ಪು ನಡೆದಿರುವುದು ಮೊದಲ ಒಂದು ಗಂಟೆಯಲ್ಲಿ, ಕಾಣಿಸುವುದು ಮೂರನೇ ದಿನ. ಹಾಗಾಗಿ ಇಲ್ಲಿ ಕ್ರಮಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ಉದಾಹರಣೆಗೆ ನಮ್ಮ ಕಲಬುರಗಿ ಕಡೆಯ ಬೆಣ್ಣೆತೊರಾ ಹೊಳೆ ತೆಗೆದುಕೊಂಡಿದ್ದೇನೆ. ಮುಲ್ಲಾಮಾರಿ, ಅಮರ್ಜಾ, ಕಾರಂಜಾ ಯಾವುದಕ್ಕಾದರೂ ಇದೇ ದಾರಿ.

## ಕೈಯಲ್ಲಿ ಏನೇನು ಇರಬೇಕು

ಕ್ಯೂಜಿಐಎಸ್ ನಕ್ಷೆ ಕೆಲಸಕ್ಕೆ ಬಿಟ್ಟಿ ಸಿಗುವ ಸಾಫ್ಟ್‌ವೇರ್. ಹೊಸದಾಗಿ ಬಂದ ಆವೃತ್ತಿಯ ಬದಲು 'ಲಾಂಗ್ ಟರ್ಮ್ ರಿಲೀಸ್' ಅಂತ ಬರೆದಿರುವುದನ್ನೇ ಇಳಿಸಿಕೊಳ್ಳಿ. ತರಗತಿಯಲ್ಲಿ ಹತ್ತು ಜನ ಹತ್ತು ಆವೃತ್ತಿ ಹಾಕಿಕೊಂಡರೆ ಮೆನು ಒಂದಕ್ಕೊಂದು ಹೊಂದುವುದಿಲ್ಲ.

ಇನ್‌ಸ್ಟಾಲ್ ಆದ ಮೇಲೆ ಪ್ರೊಸೆಸಿಂಗ್ ಟೂಲ್‌ಬಾಕ್ಸ್ ತೆರೆದು 'ಗ್ರಾಸ್' ಎಂಬ ಗುಂಪು ಇದೆಯಾ ನೋಡಿ, ನೀರಿನ ಹರಿವು ಲೆಕ್ಕ ಹಾಕುವ ಟೂಲ್‌ಗಳು ಅದರಲ್ಲಿವೆ. ಇಲ್ಲದಿದ್ದರೆ ಪ್ಲಗಿನ್ಸ್ ಮೆನುವಿಗೆ ಹೋಗಿ ಗ್ರಾಸ್ ಪ್ರೊಸೆಸಿಂಗ್ ಪ್ರೊವೈಡರ್ ಮುಂದೆ ಟಿಕ್ ಹಾಕಿ. ಅದು ಜೊತೆಗೇ ಬಂದಿರುತ್ತದೆ, ಮಲಗಿರುತ್ತದೆ ಅಷ್ಟೇ.

8 ಜಿಬಿ ರ‍್ಯಾಮ್ ಇದ್ದರೆ ನೆಮ್ಮದಿ. 4 ಜಿಬಿಯಲ್ಲೂ ಬೆಣ್ಣೆತೊರಾದಷ್ಟು ಕೆಲಸ ಆಗುತ್ತದೆ, ನಡುವೆ ಚಹಾ ಕುಡಿದು ಬರಬೇಕು.

## ಹಂತ 1: ನೀರು ಎಲ್ಲಿ ಹೊರಹೋಗುತ್ತದೆ ಎಂದು ಮೊದಲು ನಿರ್ಧರಿಸಿ

ಬಹಳ ಜನ ಜಿಲ್ಲೆಯ ನಕ್ಷೆಯಿಂದ ಶುರು ಮಾಡುತ್ತಾರೆ. ಕಲಬುರಗಿ ಜಿಲ್ಲೆಯ ಗಡಿ ಹಾಕಿ, ಅಷ್ಟಕ್ಕೆ ಎತ್ತರದ ಅಂಕಿ ಕತ್ತರಿಸಿ, ಅದರೊಳಗೆ ನದಿ ಹುಡುಕುತ್ತಾರೆ. ಮೊದಲ ಪೆಟ್ಟು ಬೀಳುವುದು ಇಲ್ಲೇ. ನೀರಿಗೆ ಜಿಲ್ಲೆ ಗೊತ್ತಿಲ್ಲ.

ಕಾಗಿಣಾ ತೆಲಂಗಾಣದ ತಾಂಡೂರು ಕಡೆಯಿಂದ ಬರುತ್ತದೆ, ಅಲ್ಲಿ ಅದರ ಹೆಸರು ಕಾಗ್ನಾ. ಭೀಮಾ ಹುಟ್ಟುವುದು ಮಹಾರಾಷ್ಟ್ರದ ಭೀಮಾಶಂಕರದಲ್ಲಿ. ಅದರ ಜಲಾನಯನ ಸುಮಾರು 70 ಸಾವಿರ ಚದರ ಕಿಲೋಮೀಟರ್. ಜಿಲ್ಲೆಯ ಗೆರೆಯಲ್ಲಿ ಕತ್ತರಿಸಿದರೆ ಮೇಲಿನ ನೀರೆಲ್ಲ ಲೆಕ್ಕದಿಂದ ಮಾಯ.

ಬೀದರ್ ಇನ್ನೂ ಮಜಾ. ಆ ಜಿಲ್ಲೆಯ ಹೆಚ್ಚಿನ ಭಾಗದ ನೀರು ಮಾಂಜ್ರಾ ಸೇರಿ ಗೋದಾವರಿಗೆ ಹೋಗುತ್ತದೆ. ಭಾಲ್ಕಿ ತಾಲೂಕಿನ ಕಾರಂಜಾ ಡ್ಯಾಂ ಆ ಕಡೆಯದು. ಅದೇ ಜಿಲ್ಲೆಯ ಬಸವಕಲ್ಯಾಣ ಕಡೆಯ ಮುಲ್ಲಾಮಾರಿ ಮಾತ್ರ ದಕ್ಷಿಣಕ್ಕೆ ಇಳಿದು ಕಾಗಿಣಾ ಸೇರಿ, ಅಲ್ಲಿಂದ ಭೀಮಾ, ಅಲ್ಲಿಂದ ಕೃಷ್ಣಾ. ಒಂದೇ ಜಿಲ್ಲೆಯೊಳಗೆ ಎರಡು ದೊಡ್ಡ ನದಿಗಳ ನೀರು ಬೇರೆಯಾಗುತ್ತದೆ. 'ಬೀದರ್ ಜಲಾನಯನ' ಎಂಬ ಒಂದು ಫೈಲ್ ಮಾಡಲು ಹೋದರೆ ಎರಡೂ ಕಲಸಿ ಹೋಗುತ್ತವೆ.

ಆದ್ದರಿಂದ ಮೊದಲು ಒಂದು ಬಿಂದು ಆರಿಸಿ. ಅದಕ್ಕೆ ಔಟ್‌ಲೆಟ್ ಎನ್ನುತ್ತಾರೆ. ನಮ್ಮ ಉದಾಹರಣೆಗೆ ಹೇರೂರು ಬಳಿಯ ಬೆಣ್ಣೆತೊರಾ ಡ್ಯಾಂನ ಕೆಳಗೆ, ನೀರು ಮತ್ತೆ ಹೊಳೆಯಾಗಿ ಹರಿಯುವ ಜಾಗ. ಕೇಂದ್ರ ಜಲ ಆಯೋಗದ ಗೇಜ್, ಅಂದರೆ ನದಿಯ ನೀರು ಅಳೆಯುವ ಕೇಂದ್ರ, ಇರುವ ಜಾಗವಾದರೆ ಇನ್ನೂ ಒಳ್ಳೆಯದು. ಕಾಗಿಣಾದ ಮೇಲೆ ಮಳಖೇಡ, ಭೀಮಾದ ಮೇಲೆ ಯಾದಗಿರಿಯಂಥವು. ಮುಂದೆ ನಿಮ್ಮ ಲೆಕ್ಕವನ್ನು ಅಲ್ಲಿನ ಅಳತೆಯ ಜೊತೆ ಹೋಲಿಸಬಹುದು.

ಮೊದಲ ಸಲ ಮಾಡುವವರು ಭೀಮಾಕ್ಕೆ ಕೈ ಹಾಕಬೇಡಿ. ಚಿಕ್ಕ ಹೊಳೆಯಲ್ಲಿ ಕೈ ಪಳಗಲಿ.

## ಹಂತ 2: ಫೋಲ್ಡರ್ ಮತ್ತು ಫೈಲ್ ಹೆಸರು

ಇದನ್ನು ಓದದೆ ಮುಂದೆ ಹೋಗುವವರೇ ಜಾಸ್ತಿ. ಗ್ರಾಸ್ ಟೂಲ್‌ಗಳಿಗೆ ಫೈಲ್ ಇರುವ ದಾರಿಯ (ಪಾತ್) ಹೆಸರಿನಲ್ಲಿ ಖಾಲಿ ಜಾಗ ಇದ್ದರೆ, ಕನ್ನಡ ಅಕ್ಷರ ಇದ್ದರೆ ಒಮ್ಮೊಮ್ಮೆ ತಲೆ ಕೆಡುತ್ತದೆ. ಡೆಸ್ಕ್‌ಟಾಪ್ ಮೇಲೆ 'ಹೊಸ ಫೋಲ್ಡರ್ 3' ಮಾಡಿ ಅದರೊಳಗೆ ಕೆಲಸ ಮಾಡಬೇಡಿ. ಡಿ ಡ್ರೈವ್‌ನಲ್ಲಿ ನೇರವಾಗಿ, ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ, ಖಾಲಿ ಜಾಗ ಇಲ್ಲದ ಚಿಕ್ಕ ಹೆಸರಿನ ಫೋಲ್ಡರ್ ಇರಲಿ.

ಅದರೊಳಗೆ ಮೂರು: ಇಳಿಸಿದ್ದು ಇದ್ದ ಹಾಗೇ ಇರಲು ಒಂದು, ನಡುವಿನ ಕೆಲಸಕ್ಕೆ ಒಂದು, ಕೊನೆಯ ಫಲಿತಾಂಶಕ್ಕೆ ಒಂದು. ಮೊದಲನೆಯದನ್ನು ಯಾವತ್ತೂ ಮುಟ್ಟಬೇಡಿ. ಕೆಟ್ಟರೆ ಮತ್ತೆ ಅಲ್ಲಿಂದಲೇ ಶುರು ಮಾಡಬೇಕು.

ಶೇಪ್‌ಫೈಲ್ ಬದಲು ಜಿಯೋಪ್ಯಾಕೇಜ್ ಬಳಸಿ, ಎರಡೂ ನಕ್ಷೆಯ ಪದರ ಉಳಿಸುವ ಫೈಲ್ ಬಗೆಗಳು. ಶೇಪ್‌ಫೈಲ್‌ನಲ್ಲಿ ಕಾಲಂ ಹೆಸರು 10 ಅಕ್ಷರಕ್ಕೆ ನಿಂತುಬಿಡುತ್ತದೆ. ಮೇಲಾಗಿ ಅದು ಒಂದೇ ಫೈಲ್ ಅಲ್ಲ, ನಾಲ್ಕೈದು ಫೈಲ್‌ಗಳ ಗುಂಪು. ಗೆಳೆಯನಿಗೆ ವಾಟ್ಸಾಪ್‌ನಲ್ಲಿ ಒಂದನ್ನು ಮಾತ್ರ ಕಳಿಸಿ "ತೆರೀತಾನೇ ಇಲ್ಲ" ಎನ್ನುವವರು ಎಷ್ಟು ಜನ! ಜಿಯೋಪ್ಯಾಕೇಜ್ ಒಂದೇ ಫೈಲ್, ಎಲ್ಲ ಪದರವೂ ಅದರೊಳಗೆ.

## ಹಂತ 3: ಎತ್ತರದ ಅಂಕಿ ಇಳಿಸಿಕೊಳ್ಳುವುದು

ನೆಲದ ಎತ್ತರ ಹೇಳುವ ಫೈಲ್‌ಗೆ ಡಿಇಎಂ ಎನ್ನುತ್ತಾರೆ. ಎಸ್‌ಆರ್‌ಟಿಎಂ ಅಂಕಿ ಅಮೆರಿಕದ ಅರ್ಥ್ ಎಕ್ಸ್‌ಪ್ಲೋರರ್ ತಾಣದಲ್ಲಿ ಬಿಟ್ಟಿ ಸಿಗುತ್ತದೆ, ಖಾತೆ ತೆರೆಯಬೇಕು. 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದದ್ದು ಅದು. ಒಂದೊಂದು ಚೌಕ ಸುಮಾರು 30 ಮೀಟರ್. ಕೋಪರ್ನಿಕಸ್ ಡಿಇಎಂ ಕೂಡ 30 ಮೀಟರ್‌ನದೇ, ಅದಕ್ಕಿಂತ ಹೊಸದು. ಇಸ್ರೋದ ಭುವನ್ ತಾಣದಲ್ಲಿ ಕಾರ್ಟೋಡಿಇಎಂ ಇದೆ. ಯಾವುದಾದರೂ ಒಂದನ್ನು ಆರಿಸಿ, ಎರಡನ್ನು ಬೆರೆಸಬೇಡಿ.

ಈ ಅಂಕಿ ಒಂದೊಂದು ಡಿಗ್ರಿಯ ತುಂಡುಗಳಾಗಿ ಸಿಗುತ್ತದೆ, ಅವುಗಳ ಹೆಸರು ಓದುವುದು ಗೊತ್ತಿರಲಿ. ಎನ್17ಇ076 ಎಂದರೆ ಅದರ ಕೆಳಗಿನ ಎಡ ಮೂಲೆ 17 ಡಿಗ್ರಿ ಉತ್ತರ, 76 ಡಿಗ್ರಿ ಪೂರ್ವ. ಅಲ್ಲಿಂದ ಮೇಲಕ್ಕೆ ಒಂದು ಡಿಗ್ರಿ, ಬಲಕ್ಕೆ ಒಂದು ಡಿಗ್ರಿ. ಕಲಬುರಗಿ ನಗರ ಈ ತುಂಡಿನಲ್ಲಿದೆ. ಬೀದರ್ ಅದರ ಬಲಕ್ಕಿರುವ ಎನ್17ಇ077ರಲ್ಲಿ. ಯಾದಗಿರಿ ಅದರ ಕೆಳಗೆ ಎನ್16ಇ077ರಲ್ಲಿ.

ಬೆಣ್ಣೆತೊರಾಕ್ಕೆ ಮೊದಲ ಎರಡು ತುಂಡಿನಿಂದ ಶುರು ಮಾಡಿ. ಸುತ್ತಲಿನವನ್ನೂ ಇಳಿಸಿಟ್ಟುಕೊಳ್ಳಿ. ಸಾಲದಿದ್ದರೆ ಐದನೇ ಹಂತದಲ್ಲಿ ಸಾಫ್ಟ್‌ವೇರೇ ಹೇಳುತ್ತದೆ, ಹೇಗೆಂದು ಅಲ್ಲಿ ನೋಡೋಣ.

ತುಂಡುಗಳನ್ನು ರಾಸ್ಟರ್ ಮೆನುವಿನ ಮರ್ಜ್‌ನಿಂದ ಒಂದು ಮಾಡಿ. ನಂತರ ಐಡೆಂಟಿಫೈ ಬಾಣದಿಂದ ಕಲಬುರಗಿ ನಗರದ ಮೇಲೆ ಒತ್ತಿ. 450 ಮೀಟರ್ ಆಸುಪಾಸು ಬರಬೇಕು. ಎಲ್ಲಾದರೂ -32768 ಕಂಡರೆ ಅಲ್ಲಿ ಅಂಕಿಯೇ ಇಲ್ಲ ಎಂದರ್ಥ. ಅದನ್ನು 'ನೋ ಡೇಟಾ' ಎಂದು ಹೇಳದೆ ಮುಂದೆ ಹೋದರೆ ಸಾಫ್ಟ್‌ವೇರ್ ಅದನ್ನು 32 ಕಿಲೋಮೀಟರ್ ಆಳದ ಬಾವಿ ಎಂದುಕೊಂಡು ನೀರನ್ನೆಲ್ಲ ಅಲ್ಲಿಗೇ ಹರಿಸುತ್ತದೆ.

ಫೋನಿನ ಜಿಪಿಎಸ್ ತೋರಿಸುವ ಎತ್ತರವನ್ನು ಇದರ ಜೊತೆ ಹೋಲಿಸಬೇಡಿ. ಕೆಲವು ಆ್ಯಪ್‌ಗಳು ಸಮುದ್ರ ಮಟ್ಟದಿಂದ ಎಣಿಸುವುದಿಲ್ಲ. ಬೇರೆ ಲೆಕ್ಕದ ಮೇಲ್ಮೈಯಿಂದ ಎಣಿಸುತ್ತವೆ. ನಮ್ಮ ಕಡೆ ಎರಡಕ್ಕೂ ಹತ್ತಾರು ಮೀಟರ್ ವ್ಯತ್ಯಾಸ ಬರುತ್ತದೆ.

## ಹಂತ 4: ಡಿಗ್ರಿಯಿಂದ ಮೀಟರಿಗೆ

ಇಳಿಸಿದ ಫೈಲ್ ಡಿಗ್ರಿಯಲ್ಲಿರುತ್ತದೆ. ಡಿಗ್ರಿಯಲ್ಲಿ ವಿಸ್ತೀರ್ಣ, ಇಳಿಜಾರು ಎರಡೂ ಸರಿ ಬರುವುದಿಲ್ಲ. ಮೀಟರಿಗೆ ಬದಲಿಸಬೇಕು.

ನಮ್ಮ ಮೂರೂ ಜಿಲ್ಲೆ, ಕಲಬುರಗಿ, ಬೀದರ್, ಯಾದಗಿರಿ, ಯುಟಿಎಂ ವಲಯ 43ರಲ್ಲಿ ಬರುತ್ತವೆ. ಯುಟಿಎಂ ಎಂದರೆ ಭೂಮಿಯನ್ನು ಉದ್ದ ಪಟ್ಟಿಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಪದ್ಧತಿ. ಅದರ ಸಂಖ್ಯೆ ಇಪಿಎಸ್‌ಜಿ 32643. ಈ ವಲಯ 72ರಿಂದ 78 ಡಿಗ್ರಿ ಪೂರ್ವದವರೆಗೆ. ಹೈದರಾಬಾದ್ 78 ದಾಟಿದೆ, ಅದು ವಲಯ 44. ಅಲ್ಲಿನವರು ಮಾಡಿದ ಪಾಠದ ವಿಡಿಯೋ ನೋಡಿ 32644 ಹಾಕುವವರು ಬಹಳ. ನಕ್ಷೆ ಬರುತ್ತದೆ, ಸ್ವಲ್ಪ ವಾಲಿರುತ್ತದೆ, ಗಮನಕ್ಕೂ ಬರುವುದಿಲ್ಲ. ಗೆಳೆಯರ ಫೈಲ್ ಜೊತೆ ಸೇರಿಸಿದಾಗ ಚೌಕಗಳು ಒಂದಕ್ಕೊಂದು ಕೂಡುವುದಿಲ್ಲ.

ರಾಸ್ಟರ್ ಮೆನುವಿನಲ್ಲಿ ಪ್ರೊಜೆಕ್ಷನ್ಸ್, ಅದರೊಳಗೆ ವಾರ್ಪ್ ಎಂಬುದನ್ನು ತೆರೆಯಿರಿ. ಮೂರು ಕಡೆ ಕೈ ಹಾಕಬೇಕು. ಸಿಆರ್‌ಎಸ್ ಎಂದರೆ ನಕ್ಷೆಯ ಅಳತೆ ಪದ್ಧತಿ. ಟಾರ್ಗೆಟ್ ಸಿಆರ್‌ಎಸ್: 32643. ರೀಸ್ಯಾಂಪ್ಲಿಂಗ್: ಬೈಲೀನಿಯರ್. ರೆಸೊಲ್ಯೂಶನ್: 30. ಎರಡನೆಯದನ್ನು ಬದಲಿಸದೆ 'ನಿಯರೆಸ್ಟ್ ನೇಬರ್' ಹಾಗೇ ಬಿಟ್ಟರೆ ಎತ್ತರದ ನಕ್ಷೆಯಲ್ಲಿ ಸೀರೆಯ ಪಟ್ಟಿಯಂತೆ ಗೆರೆಗಳು ಬೀಳುತ್ತವೆ, ಹಳ್ಳಗಳು ಆ ಗೆರೆ ಹಿಡಿದು ಹರಿಯುತ್ತವೆ.

ಒಂದು ಎಚ್ಚರಿಕೆ. ಪದರದ ಮೇಲೆ ಬಲ ಕ್ಲಿಕ್ ಮಾಡಿ 'ಸೆಟ್ ಸಿಆರ್‌ಎಸ್' ಎಂದರೆ ಅಂಕಿ ಬದಲಾಗುವುದಿಲ್ಲ, ಹಣೆಪಟ್ಟಿ ಮಾತ್ರ ಬದಲಾಗುತ್ತದೆ. 76.8 ಡಿಗ್ರಿಯನ್ನು ಸಾಫ್ಟ್‌ವೇರ್ 76.8 ಮೀಟರ್ ಎಂದು ಓದುತ್ತದೆ. ಆಗ ನಿಮ್ಮ ಕಲಬುರಗಿ ಮಾಲ್ದೀವ್ಸ್‌ನ ಪಶ್ಚಿಮಕ್ಕೆ, ಭೂಮಧ್ಯರೇಖೆಯ ಬಳಿ ನಡು ಸಮುದ್ರದಲ್ಲಿರುತ್ತದೆ. ವಾರ್ಪ್‌ನಿಂದಲೇ ಮಾಡಿ.

## ಹಂತ 5: ನೀರು ಯಾವ ಕಡೆ ಹರಿಯುತ್ತದೆ

ಹೆಚ್ಚಿನ ಪಾಠಗಳಲ್ಲಿ ಮೊದಲು 'ಫಿಲ್ ಸಿಂಕ್ಸ್' ಮಾಡಿ, ಅಂದರೆ ತಗ್ಗುಗಳನ್ನು ತುಂಬಿ, ಎನ್ನುತ್ತಾರೆ. ಗ್ರಾಸ್‌ನ ಆರ್.ವಾಟರ್‌ಶೆಡ್ ಬಳಸುವವರಿಗೆ ಅದು ಬೇಡ. ತಗ್ಗು ಇದ್ದರೂ ನೀರು ಹೊರಹೋಗುವ ಕಡಿಮೆ ಖರ್ಚಿನ ದಾರಿಯನ್ನು ಅದೇ ಹುಡುಕಿಕೊಳ್ಳುತ್ತದೆ.

ನಮ್ಮ ಕಡೆ ಇದು ಮುಖ್ಯ. ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತ ಫರಸಿ ಕಲ್ಲಿನ ಖಣಿಗಳಿವೆ. ಸಿಮೆಂಟ್ ಕಾರ್ಖಾನೆಗಳಿಗೆ ಸುಣ್ಣದ ಕಲ್ಲು ತೆಗೆದ ದೊಡ್ಡ ಗುಂಡಿಗಳಿವೆ. ಅವು ಅಂಕಿಯ ತಪ್ಪಲ್ಲ, ನಿಜವಾದ ತಗ್ಗು. ಸುಮ್ನೆ ತುಂಬಿಬಿಟ್ಟರೆ ಅಲ್ಲಿ ಚಪ್ಪಟೆ ಮೈದಾನ ಹುಟ್ಟಿ ಅದರ ಮೇಲೆ ಗೆರೆ ಎಳೆದಂಥ ನೇರ ಹಳ್ಳಗಳು ಬರುತ್ತವೆ. ಆರ್.ವಾಟರ್‌ಶೆಡ್ ಬಳಸಿದರೂ ಅದು ಗುಂಡಿಯಿಂದ ನೀರನ್ನು ಹೊರಗೆ ದಾಟಿಸಿಯೇ ತೀರುತ್ತದೆ. ನಿಜದಲ್ಲಿ ಆ ನೀರು ಖಣಿಯಲ್ಲೇ ನಿಲ್ಲುತ್ತದೆ. ಹಾಗಾಗಿ ದೊಡ್ಡ ಖಣಿಗಳನ್ನು ಉಪಗ್ರಹ ಚಿತ್ರ ನೋಡಿ ಬೇರೆ ಪದರದಲ್ಲಿ ಗುರುತು ಹಾಕಿಡಿ.

ಟೂಲ್ ತೆರೆದಾಗ ಗಾಬರಿಯಾಗಬೇಡಿ, ಕಾಲಂ ಬಹಳ ಇರುತ್ತವೆ. ಎತ್ತರದ ಪದರ ಕೊಡಿ. 'ಮಿನಿಮಮ್ ಸೈಜ್' ಎಂಬಲ್ಲಿ 5000 ಹಾಕಿ. ಇದು ಚೌಕಗಳ ಎಣಿಕೆ, ಮೀಟರ್ ಅಲ್ಲ. ಒಂದು ಚೌಕ 30 ಗುಣಿಸು 30, ಅಂದರೆ 900 ಚದರ ಮೀಟರ್. 5000 ಚೌಕ ಎಂದರೆ 4.5 ಚದರ ಕಿಲೋಮೀಟರ್. ಅಷ್ಟು ನೆಲದ ನೀರು ಸೇರಿದ ಮೇಲೆಯೇ ಹಳ್ಳ ಎಂದು ಗುರುತಿಸು ಎಂದ ಹಾಗೆ. 50 ಹಾಕಿದರೆ ಪ್ರತಿ ಹೊಲದ ಬದುವೂ ಹಳ್ಳವಾಗುತ್ತದೆ.

'ಸಿಂಗಲ್ ಫ್ಲೋ ಡೈರೆಕ್ಷನ್' ಎಂಬುದಕ್ಕೆ ಟಿಕ್ ಹಾಕಿ. 'ಯೂಸ್ ಪಾಸಿಟಿವ್ ಫ್ಲೋ ಅಕ್ಯುಮುಲೇಶನ್' ಎಂಬುದಕ್ಕೆ ಮಾತ್ರ ಟಿಕ್ ಬೇಡ. ಕೆಳಗಿನ ಫಲಿತಾಂಶಗಳಲ್ಲಿ ಮೂರು ಸಾಕು: ಅಕ್ಯುಮುಲೇಶನ್, ಡ್ರೈನೇಜ್ ಡೈರೆಕ್ಷನ್, ಸ್ಟ್ರೀಮ್ ಸೆಗ್ಮೆಂಟ್ಸ್. ಮೊದಲನೆಯದು ಪ್ರತಿ ಚೌಕಕ್ಕೆ ಎಷ್ಟು ಚೌಕಗಳ ನೀರು ಬಂದು ಸೇರುತ್ತದೆ ಎಂಬ ಎಣಿಕೆ, ಎರಡನೆಯದು ನೀರು ಹರಿಯುವ ದಿಕ್ಕು, ಮೂರನೆಯದು ಹಳ್ಳಗಳ ಗೆರೆ. ಉಳಿದವುಗಳ ಟಿಕ್ ತೆಗೆಯಿರಿ.

ಎರಡು ತುಂಡು ಎಂದರೆ ಸುಮಾರು 2.6 ಕೋಟಿ ಚೌಕ. ಸಮಯ ಹಿಡಿಯುತ್ತದೆ. ರ‍್ಯಾಮ್ ಸಾಲದೆ ನಿಂತರೆ 'ಡಿಸ್ಕ್ ಸ್ವಾಪ್' ಟಿಕ್ ಹಾಕಿ ಮತ್ತೆ ಓಡಿಸಿ.

ಫಲಿತಾಂಶ ಬಂದಾಗ ಅಕ್ಯುಮುಲೇಶನ್ ಪದರ ಪೂರ್ತಿ ಕಪ್ಪಾಗಿಯೋ ಬೂದಿಯಾಗಿಯೋ ಕಾಣಬಹುದು. ಕೆಟ್ಟಿಲ್ಲ. ಹೊಲದ ಚೌಕದಲ್ಲಿ 3, 10 ಎಂಬ ಅಂಕಿ, ಹೊಳೆಯ ಚೌಕದಲ್ಲಿ ಲಕ್ಷಗಟ್ಟಲೆ. ಇಷ್ಟು ಅಂತರವನ್ನು ಒಂದೇ ಬಣ್ಣದ ಪಟ್ಟಿಯಲ್ಲಿ ತೋರಿಸಲಾಗದು. ಸಿಂಬಾಲಜಿಯಲ್ಲಿ ಕನಿಷ್ಠ 0, ಗರಿಷ್ಠ 5000 ಎಂದು ಹಾಕಿ. ಹೊಳೆಗಳು ಎದ್ದು ಬರುತ್ತವೆ.

ಮೂರನೇ ಹಂತದಲ್ಲಿ ಮಾತು ಕೊಟ್ಟಿದ್ದೆ, ಅದು ಇದು: ಅಕ್ಯುಮುಲೇಶನ್‌ನಲ್ಲಿ ಮೈನಸ್ ಅಂಕಿ. ಐಡೆಂಟಿಫೈ ಬಾಣದಿಂದ ನಿಮ್ಮ ಹೊಳೆಯ ಮೇಲೆ ಒತ್ತಿ ನೋಡಿ. ಔಟ್‌ಲೆಟ್ ಬಳಿ ಮೈನಸ್ ಬಂದರೆ ನಿಮ್ಮ ನಕ್ಷೆಯ ಅಂಚಿನ ಆಚೆಯಿಂದಲೂ ನೀರು ಬರುತ್ತಿದೆ, ಲೆಕ್ಕ ಅರೆಬರೆ ಎಂದರ್ಥ. ಇನ್ನೊಂದು ತುಂಡು ಸೇರಿಸಿ ಮೂರನೇ ಹಂತದಿಂದ ಮತ್ತೆ ಬನ್ನಿ. ಆ ಟಿಕ್ ಬೇಡ ಎಂದದ್ದು ಇದಕ್ಕೇ. ಟಿಕ್ ಹಾಕಿದರೆ ಈ ಎಚ್ಚರಿಕೆಯೇ ಮುಚ್ಚಿಹೋಗುತ್ತದೆ. ಸ್ಕೇಲ್ ಇಟ್ಟು ಎಳೆದಂಥ ಗಡಿ ಬರುವವರ ಕಾಯಿಲೆಯೂ ಇದೇ.

## ಹಂತ 6: ಔಟ್‌ಲೆಟ್ ಕೂರಿಸುವುದು

ತೊಗರಿ ಹೊಲದಷ್ಟು ಜಲಾನಯನ ಬರುವುದು ಇಲ್ಲಿ. ನೀವು ಉಪಗ್ರಹ ಚಿತ್ರ ನೋಡಿ ಹೊಳೆಯ ನಡುಮಧ್ಯೆ ಬಿಂದು ಇಡುತ್ತೀರಿ. ಸಾಫ್ಟ್‌ವೇರ್‌ನ ಹೊಳೆ ಅದಕ್ಕಿಂತ ಒಂದೆರಡು ಚೌಕ ಪಕ್ಕದಲ್ಲಿ ಹರಿಯುತ್ತಿರುತ್ತದೆ. ನೀವು ಬಿಂದು ಇಟ್ಟದ್ದು ದಂಡೆಯ ಮೇಲೆ. ದಂಡೆಗೆ ಎಷ್ಟು ನೀರು ಬರುತ್ತದೋ ಅಷ್ಟೇ ಜಲಾನಯನ.

ನಾನೂ ಮಾಡಿದ್ದೇನೆ. ಒಮ್ಮೆ ಒಂದು ಸೇತುವೆಯ ಸರಿಯಾದ ಅಕ್ಷಾಂಶ, ರೇಖಾಂಶ ತೆಗೆದುಕೊಂಡು, ಸರಿಯಾಗೇ ಇದೆ ಎಂಬ ಧೈರ್ಯದಲ್ಲಿ ಹಾಕಿ, ಬಂದ ವಿಸ್ತೀರ್ಣ ನೋಡದೆ ಸಭೆಗೆ ಹೋದೆ. ತೆರೆಯ ಮೇಲೆ ಜಲಾನಯನ ಒಂದು ಚುಕ್ಕಿಯಷ್ಟು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು "ಇದು ನಮ್ಮ ಬಚ್ಚಲದ ಮೋರಿ ಏನ್ರಿ?" ಎಂದರು.

ಸರಿಯಾದ ರೀತಿ ಇದು. ಉಪಗ್ರಹ ಚಿತ್ರ ಆಫ್ ಮಾಡಿ. ಅಕ್ಯುಮುಲೇಶನ್ ಪದರ ಮಾತ್ರ ಇಟ್ಟು, ಒಂದೊಂದು ಚೌಕ ಕಾಣುವಷ್ಟು ಹತ್ತಿರ ಹೋಗಿ. ಐಡೆಂಟಿಫೈನಿಂದ ಅಕ್ಕಪಕ್ಕದ ಚೌಕ ನೋಡಿ, ಅತಿ ದೊಡ್ಡ ಅಂಕಿ ಇರುವ ಚೌಕದ ನಡುವೆ ಬಿಂದು ಇಡಿ. ಆ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಮುಂದಿನ ಹಂತದಲ್ಲಿ ಬೇಕು.

ಡ್ಯಾಂ ಇರುವಲ್ಲಿ ಹಿನ್ನೀರಿನ ಮೇಲೆ ಬಿಂದು ಇಡಬೇಡಿ. ನೀರಿನ ಮೇಲ್ಮೈ ಎತ್ತರದ ಅಂಕಿಯಲ್ಲಿ ಚಪ್ಪಟೆ. ಅಲ್ಲಿ ಹೊಳೆಯ ಗೆರೆಗಳು ಅಕ್ಕಪಕ್ಕ ಸಮಾನಾಂತರ ಹರಿಯುತ್ತವೆ, ಯಾವುದು ಮುಖ್ಯ ಎಂದು ಸಾಫ್ಟ್‌ವೇರಿಗೂ ಗೊತ್ತಿಲ್ಲ. ಡ್ಯಾಂನಿಂದ ಕೆಲವು ನೂರು ಮೀಟರ್ ಕೆಳಗೆ ಬನ್ನಿ.

ನಂತರ ಆರ್.ವಾಟರ್.ಔಟ್‌ಲೆಟ್ ತೆರೆದು ಡ್ರೈನೇಜ್ ಡೈರೆಕ್ಷನ್ ಪದರ ಮತ್ತು ಈ ಬಿಂದು ಕೊಡಿ. ಅವಸರದಲ್ಲಿ ಅಕ್ಯುಮುಲೇಶನ್ ಕೊಡುವವರಿದ್ದಾರೆ. ಟೂಲ್ ಬಾಯಿ ಬಿಡುವುದಿಲ್ಲ, ಅರ್ಥವಿಲ್ಲದ ಚಿತ್ರ ಕೊಟ್ಟು ಸುಮ್ಮನಾಗುತ್ತದೆ.

## ಹಂತ 7: ಗಡಿ ಬಂತು, ಈಗ ನಂಬಬಹುದಾ?

ಬಂದ ಚಿತ್ರವನ್ನು ಪಾಲಿಗೊನೈಜ್ ಟೂಲ್‌ನಿಂದ ಗಡಿಯಾಗಿ ಬದಲಿಸಿ. ಮೂಲೆಗಳಲ್ಲಿ ಒಂದೊಂದು ಚೌಕದ ಚೂರುಗಳು ಬೇರೆಯಾಗಿ ಬಂದಿದ್ದರೆ ಡಿಸಾಲ್ವ್ ಟೂಲ್‌ನಿಂದ ಒಂದುಗೂಡಿಸಿ. ಫೀಲ್ಡ್ ಕ್ಯಾಲ್ಕ್ಯುಲೇಟರ್‌ನಲ್ಲಿ ವಿಸ್ತೀರ್ಣ ತೆಗೆದು 10 ಲಕ್ಷದಿಂದ ಭಾಗಿಸಿ, ಚದರ ಕಿಲೋಮೀಟರ್ ಸಿಗುತ್ತದೆ.

ಈಗ ಬರೆದಿಟ್ಟ ಅಂಕಿ ತೆಗೆಯಿರಿ. ಅದನ್ನು 900ರಿಂದ ಗುಣಿಸಿ, 10 ಲಕ್ಷದಿಂದ ಭಾಗಿಸಿ. ಉದಾಹರಣೆಗೆ 5 ಲಕ್ಷ ಎಂದಿದ್ದರೆ 450 ಚದರ ಕಿಲೋಮೀಟರ್. ಗಡಿಯ ವಿಸ್ತೀರ್ಣವೂ ಅದರ ಹತ್ತಿರ ಇರಬೇಕು. ದೂರ ಇದ್ದರೆ ಬಿಂದು ಬೇರೆ ಚೌಕದಲ್ಲಿ ಕೂತಿದೆ.

ಇದು ಒಳಗಿನ ಪರೀಕ್ಷೆ. ಹೊರಗಿನದು ಕಣ್ಣಿನಿಂದ. ಓಪನ್ ಸ್ಟ್ರೀಟ್ ಮ್ಯಾಪ್ ಕೆಳಗೆ ಹಾಕಿ ಗಡಿಯುದ್ದಕ್ಕೂ ಒಂದು ಸುತ್ತು ಬನ್ನಿ. ಜಲಾನಯನದ ಗಡಿ ಯಾವ ಹೊಳೆಯನ್ನೂ ದಾಟಬಾರದು, ಔಟ್‌ಲೆಟ್ ಒಂದನ್ನು ಬಿಟ್ಟು. ದಾಟಿದ ಜಾಗದಲ್ಲಿ ರಸ್ತೆಯ ಏರಿಯೋ ರೈಲು ಹಳಿಯ ದಿಬ್ಬವೋ ಇರುತ್ತದೆ. ಕೆಳಗೆ ಮೋರಿ ಇದೆ ಎಂದು ಎತ್ತರದ ಅಂಕಿಗೆ ಗೊತ್ತಿಲ್ಲ. ಕಪ್ಪು ಮಣ್ಣಿನ ಸಮತಟ್ಟು ಸೀಮೆಯಲ್ಲಿ ಎರಡು ಮೀಟರ್ ದಿಬ್ಬ ಸಾಕು, ಒಂದು ಹಳ್ಳವನ್ನೇ ಪಕ್ಕದ ಊರಿಗೆ ತಿರುಗಿಸುತ್ತದೆ.

ಕಾಗಿಣಾವೋ ಮುಲ್ಲಾಮಾರಿಯೋ ಮಾಡಿದವರು ಇನ್ನೊಂದು ನೋಡಿ. ನಿಮ್ಮ ಗಡಿಯೊಳಗೆ ಕಾರಂಜಾ ಡ್ಯಾಂ ಬಂದಿದೆಯಾ? ಬಂದಿದ್ದರೆ ಗೋದಾವರಿಯ ನೀರನ್ನು ಕೃಷ್ಣಾಕ್ಕೆ ತಿರುಗಿಸಿದ್ದೀರಿ. ರಾಜ್ಯಗಳ ಜಗಳಕ್ಕೆ ಅಷ್ಟು ಸಾಕು.

## ಹಂತ 8: ಮಳೆ ಮತ್ತು ನೀರಿನ ಅಂಕಿ

ನಕ್ಷೆಗಿಂತ ಜಾಸ್ತಿ ಸಮಯ ತಿನ್ನುವುದು ಇದು, ಮತ್ತು ಯಾರೂ ಹೇಳಿಕೊಡದ ಕೆಲಸ. ನದಿಯ ಮಟ್ಟ, ಹರಿವಿನ ಅಂಕಿಗೆ ಕೇಂದ್ರದ ಇಂಡಿಯಾ-ಡಬ್ಲ್ಯುಆರ್‌ಐಎಸ್ ತಾಣ ಇದೆ. ಮಳೆಗೆ ಹವಾಮಾನ ಇಲಾಖೆ, ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಅಂಕಿ ಸಿಗುತ್ತದೆ. ಸಿಕ್ಕಿದ್ದು ನೇರ ಬಳಸುವ ಹಾಗಿರುವುದಿಲ್ಲ.

ಎರಡು ಟೇಬಲ್ ಮಾಡಿ. ಮೊದಲನೆಯದರಲ್ಲಿ ಕೇಂದ್ರಗಳು: ಕೋಡ್, ಹೆಸರು, ಅಕ್ಷಾಂಶ, ರೇಖಾಂಶ. ಎರಡನೆಯದರಲ್ಲಿ ಅಳತೆಗಳು: ಕೋಡ್, ದಿನಾಂಕ, ಏನು ಅಳೆದದ್ದು, ಎಷ್ಟು, ಯಾವ ಯೂನಿಟ್, ಎಲ್ಲಿಂದ ಬಂತು. ಒಂದು ದಿನಕ್ಕೆ ಒಂದು ಕೇಂದ್ರಕ್ಕೆ ಒಂದು ಸಾಲು. ತಿಂಗಳುಗಳನ್ನು ಅಡ್ಡಕ್ಕೆ, ದಿನಗಳನ್ನು ಉದ್ದಕ್ಕೆ ಬರೆಯುವ ರಿಜಿಸ್ಟರ್ ಮಾದರಿ ಓದಲು ಚೆಂದ, ಲೆಕ್ಕಕ್ಕೆ ಬಾರದು.

ಎರಡೂ ಟೇಬಲ್ ಅದೇ ಜಿಯೋಪ್ಯಾಕೇಜ್‌ನೊಳಗೆ ಇರಲಿ. ಪ್ರಾಜೆಕ್ಟ್ ಪ್ರಾಪರ್ಟೀಸ್‌ನ ರಿಲೇಶನ್ಸ್‌ನಲ್ಲಿ ಕೋಡ್‌ನಿಂದ ಕೋಡಿಗೆ ಗಂಟು ಹಾಕಿ. ಆಮೇಲೆ ನಕ್ಷೆಯಲ್ಲಿ ಕೇಂದ್ರವೊಂದರ ಮೇಲೆ ಒತ್ತಿದರೆ ಅದರ ಅಳತೆಗಳೆಲ್ಲ ತೆರೆದುಕೊಳ್ಳುತ್ತವೆ.

ಕೋಡ್ ಏಕೆ, ಹೆಸರೇ ಸಾಲದಾ? ಸಾಲದು. ಹಳೆಯ ಕಡತದಲ್ಲಿ ಗುಲಬರ್ಗಾ, 2014ರ ನವೆಂಬರ್ ನಂತರ ಕಲಬುರಗಿ. ಒಂದರಲ್ಲಿ ಶೋರಾಪುರ, ಇನ್ನೊಂದರಲ್ಲಿ ಸುರಪುರ. ಒಂದರಲ್ಲಿ ಸೆರಂ, ಇನ್ನೊಂದರಲ್ಲಿ ಸೇಡಂ. ಯಾದಗಿರಿ ಜಿಲ್ಲೆಯಾಗುವ ಮೊದಲಿನ ಅಂಕಿಯಲ್ಲಿ ಅಲ್ಲಿನ ಮಳೆಯೆಲ್ಲ ಗುಲಬರ್ಗಾ ಲೆಕ್ಕದಲ್ಲಿ. ಕಮಲಾಪುರ, ಕಾಳಗಿ, ಯಡ್ರಾಮಿ, ಶಹಾಬಾದ್ ಈಚೆಗೆ ತಾಲೂಕಾದವು. ಹೆಸರಿನಿಂದ ಜೋಡಿಸಿದರೆ ಒಂದೇ ಮಳೆಮಾಪಕ ಎರಡಾಗಿ ಒಡೆಯುತ್ತದೆ.

ಅಕ್ಷಾಂಶ, ರೇಖಾಂಶದಲ್ಲಿ ಎರಡು ಬಲೆ. ಒಂದು, 17 ಡಿಗ್ರಿ 20 ನಿಮಿಷವನ್ನು 17.20 ಎಂದು ಬರೆಯುವುದು. 20ನ್ನು 60ರಿಂದ ಭಾಗಿಸಬೇಕು, ಸರಿಯಾದದ್ದು 17.333. ತಪ್ಪಿದರೆ ಕೇಂದ್ರ ಸುಮಾರು 15 ಕಿಲೋಮೀಟರ್ ದಕ್ಷಿಣಕ್ಕೆ ಸರಿಯುತ್ತದೆ. ಎರಡು, ಎಕ್ಸ್ ಎಂದರೆ ರೇಖಾಂಶ, ವೈ ಎಂದರೆ ಅಕ್ಷಾಂಶ. ಅದಲುಬದಲಾದರೆ ಕಲಬುರಗಿ ಉತ್ತರ ಧ್ರುವದ ಹತ್ತಿರ ಸ್ವಾಲ್‌ಬಾರ್ಡ್ ದ್ವೀಪದಲ್ಲಿ ಕೂರುತ್ತದೆ. ಮೊದಲಿಗೆ ಹೇಳಿದ ಹಿಮದ ನಾಡು ಇದೇ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಅದೂ ಬೇಡವೆನಿಸುವುದಿಲ್ಲ, ಬಿಡಿ.

ದಿನಾಂಕದ ತಪ್ಪು ಎಲ್ಲಕ್ಕಿಂತ ಕೆಟ್ಟದ್ದು, ಕಾಣುವುದೇ ಇಲ್ಲ. ಅಮೆರಿಕದ ಮಾದರಿಯಲ್ಲಿ ಕೂತಿರುವ ಎಕ್ಸೆಲ್ 05/06 ಎಂಬುದನ್ನು ಜೂನ್ 5ರ ಬದಲು ಮೇ 6 ಎಂದು ಓದುತ್ತದೆ. 13ನೇ ತಾರೀಖಿನಿಂದ ಅದಕ್ಕೆ ಹಾಗೆ ಓದಲು ಬರುವುದಿಲ್ಲ, ಏಕೆಂದರೆ 13ನೇ ತಿಂಗಳಿಲ್ಲ. ಆಗ ಅದನ್ನು ಬರಿ ಅಕ್ಷರ ಎಂದುಕೊಳ್ಳುತ್ತದೆ. ಹಾಗಾಗಿ ದಿನಾಂಕದ ಕಾಲಂನಲ್ಲಿ 12ರವರೆಗಿನವು ಬಲಕ್ಕೆ, ಉಳಿದವು ಎಡಕ್ಕೆ ನಿಂತಿದ್ದರೆ ಅಲ್ಲೇ ನಿಲ್ಲಿ. ವರ್ಷ-ತಿಂಗಳು-ದಿನ ಎಂಬ ಕ್ರಮಕ್ಕೆ ತಂದ ಮೇಲೆಯೇ ಮುಂದೆ.

ಮಳೆಯ ದಿನ ಬೆಳಗ್ಗೆ 8.30ರಿಂದ ಮರುದಿನ ಬೆಳಗ್ಗೆ 8.30ಕ್ಕೆ. 14ನೇ ತಾರೀಖಿನ ಮುಂದೆ ಬರೆದ ಮಳೆ ಬಹುಪಾಲು 13ರಂದು ಬಿದ್ದದ್ದು. ಇದು ತಿಳಿಯದಿದ್ದರೆ ಮೊದಲು ಹೊಳೆ ಬಂದು ಆಮೇಲೆ ಮಳೆ ಬಿದ್ದಂತೆ ಗ್ರಾಫ್ ಬರುತ್ತದೆ.

ಪರೀಕ್ಷೆಗೆ 2020ರ ಅಕ್ಟೋಬರ್ ಒಳ್ಳೆಯದು. ಅಕ್ಟೋಬರ್ 13ರಂದು ಕಾಕಿನಾಡ ಬಳಿ ದಡ ಸೇರಿದ ವಾಯುಭಾರ ಕುಸಿತ ತೆಲಂಗಾಣ ದಾಟಿ ನಮ್ಮ ಮೇಲೆ ಸುರಿಯಿತು, ಭೀಮಾ ಉಕ್ಕಿತು. ಆ ವಾರ ನಿಮ್ಮ ಟೇಬಲ್‌ನಲ್ಲಿ ಮಳೆಯೇ ಇಲ್ಲ ಎಂದರೆ ದಿನಾಂಕ ಕೆಟ್ಟಿದೆ.

ಖಾಲಿ ಬೇರೆ, ಸೊನ್ನೆ ಬೇರೆ. ಸೊನ್ನೆ ಎಂದರೆ ಮಳೆ ಬರಲಿಲ್ಲ. ಖಾಲಿ ಎಂದರೆ ಯಾರೂ ಅಳೆಯಲಿಲ್ಲ. ಖಾಲಿಯಲ್ಲಿ ಸೊನ್ನೆ ತುಂಬುವ ಒಳ್ಳೆಯ ಮನಸ್ಸು ಬೇಡ. ಕೆಲವು ಫೈಲ್‌ಗಳಲ್ಲಿ ಖಾಲಿಗೆ -999 ಬರೆದಿರುತ್ತಾರೆ, ಅದನ್ನು ತೆಗೆಯದೆ ಸರಾಸರಿ ಮಾಡಿದರೆ ಮಳೆ ಆಕಾಶಕ್ಕೆ ವಾಪಸ್ ಹೋಗುತ್ತದೆ. 'ಸ್ಟ್ಯಾಟಿಸ್ಟಿಕ್ಸ್ ಬೈ ಕ್ಯಾಟಗರೀಸ್' ಟೂಲ್‌ನಿಂದ ಪ್ರತಿ ಕೇಂದ್ರಕ್ಕೆ ಎಷ್ಟು ಸಾಲು ಇವೆ ಎಣಿಸಿ. ಒಂದು ವರ್ಷಕ್ಕೆ 365 ಅಥವಾ 366. ಜಾಸ್ತಿ ಇದ್ದರೆ ಎರಡೆರಡು ಸಲ ಸೇರಿವೆ.

ಕನ್ನಡದಲ್ಲಿ ಹೆಸರು ಇರುವ ಹಳೆಯ ಫೈಲ್ ತೆರೆದಾಗ ವಿಚಿತ್ರ ಇಂಗ್ಲಿಷ್ ಚಿಹ್ನೆ ಕಂಡರೆ ಅದು ನುಡಿಯ ಹಳೆಯ ಆಸ್ಕಿ ಅಕ್ಷರ. ನುಡಿಯ ಪರಿವರ್ತಕದಿಂದ ಯುನಿಕೋಡ್‌ಗೆ ಬದಲಿಸಿ, ಸಿಎಸ್‌ವಿಯನ್ನು ಯುಟಿಎಫ್-8ರಲ್ಲಿ ಉಳಿಸಿ.

## ಹಂತ 9: ಜಲಾನಯನದ ಸರಾಸರಿ ಮಳೆ

ಕೇಂದ್ರಗಳ ಮಳೆ ಕೂಡಿಸಿ ಭಾಗಿಸುವುದು ಸರಿಯಲ್ಲ. ಪ್ರತಿ ಕೇಂದ್ರ ಎಷ್ಟು ನೆಲಕ್ಕೆ ಹತ್ತಿರವೋ ಅಷ್ಟು ತೂಕ ಕೊಡಬೇಕು. ವೊರೊನಾಯ್ ಪಾಲಿಗನ್ಸ್ ಟೂಲ್ ಇದಕ್ಕೆ. ಗಡಿಯ ಹೊರಗಿನ ಕೇಂದ್ರಗಳನ್ನೂ ಸೇರಿಸಿ, ಬಫರ್ ಶೇಕಡಾ 50 ಹಾಕಿ, ಇಲ್ಲದಿದ್ದರೆ ಅಂಚಿನಲ್ಲಿ ನೆಲ ಬಿಟ್ಟುಹೋಗುತ್ತದೆ. ನಂತರ ಜಲಾನಯನದ ಗಡಿಯೊಂದಿಗೆ ಇಂಟರ್‌ಸೆಕ್ಷನ್, ಅಂದರೆ ಗಡಿಯೊಳಗಿನ ಭಾಗ ಮಾತ್ರ ಉಳಿಸುವುದು. ಪ್ರತಿ ಕೇಂದ್ರದ ಪಾಲಿನ ವಿಸ್ತೀರ್ಣವನ್ನು ಜಲಾನಯನದ ಒಟ್ಟು ವಿಸ್ತೀರ್ಣದಿಂದ ಭಾಗಿಸಿದರೆ ಅದರ ತೂಕ.

ಲೆಕ್ಕಕ್ಕೆಂದು ಮೂರು ಕೇಂದ್ರ ಅಂದುಕೊಳ್ಳಿ. ತೂಕ 0.40, 0.35, 0.25. ಮಳೆ 20, 35, 10 ಮಿಲಿಮೀಟರ್. ಗುಣಿಸಿ ಕೂಡಿದರೆ 8, 12.25, 2.5, ಒಟ್ಟು 22.75. ತೂಕಗಳ ಮೊತ್ತ 1 ಬರಲೇಬೇಕು. 0.93 ಬಂದರೆ ಬಫರ್ ಸಾಲದು.

ಭೀಮಾ ಮಾಡುವವರಿಗೆ ಒಂದು ಮಾತು. ಅಲ್ಲಿ ಮಳೆಯಿಂದ ಮಾತ್ರ ಹೊಳೆಯ ನೀರು ಲೆಕ್ಕಕ್ಕೆ ಸಿಗುವುದಿಲ್ಲ. ಮೇಲೆ ಸೋಲಾಪುರ ಜಿಲ್ಲೆಯಲ್ಲಿ ಉಜನಿ ಡ್ಯಾಂ ಇದೆ. ಅಫಜಲಪುರದಲ್ಲಿ ಹನಿ ಬೀಳದ ದಿನವೂ ಸೊನ್ನ ಬ್ಯಾರೇಜ್‌ಗೆ ನೀರು ಬರಬಹುದು. ಉಜನಿಯಿಂದ ಬಿಟ್ಟ ನೀರಿಗೆ ಬೇರೆ ಕಾಲಂ ಇಡಿ.

## ಹಂತ 10: ಟಿಎಂಸಿ, ಕ್ಯೂಸೆಕ್, ಮಿಲಿಮೀಟರ್

ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅದು ಹರಿವಿನ ದರ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅದು ಗಾತ್ರ. ಒಂದನ್ನು ಇನ್ನೊಂದರಿಂದ ನೇರ ಕಳೆಯಬೇಡಿ. 11,574 ಕ್ಯೂಸೆಕ್ ಇಡೀ ದಿನ ಹರಿದರೆ 1 ಟಿಎಂಸಿ. 1 ಟಿಎಂಸಿ ಎಂದರೆ 28.32 ಮಿಲಿಯನ್ ಘನ ಮೀಟರ್. ಕ್ಯೂಮೆಕ್‌ನಲ್ಲಿ, ಅಂದರೆ ಸೆಕೆಂಡಿಗೆ ಘನ ಮೀಟರ್‌ನಲ್ಲಿ, ಇದ್ದರೆ 35.31ರಿಂದ ಗುಣಿಸಿದಾಗ ಕ್ಯೂಸೆಕ್.

ಮಳೆಗೆ: 1 ಚದರ ಕಿಲೋಮೀಟರ್ ಮೇಲೆ 1 ಮಿಲಿಮೀಟರ್ ಎಂದರೆ 1000 ಘನ ಮೀಟರ್. ಮೇಲಿನ 22.75 ಮಿಲಿಮೀಟರ್ 100 ಚದರ ಕಿಲೋಮೀಟರ್ ಮೇಲೆ ಬಿದ್ದರೆ 22.75 ಲಕ್ಷ ಘನ ಮೀಟರ್, ಅಂದರೆ ಸುಮಾರು 0.08 ಟಿಎಂಸಿ. ಇಷ್ಟೂ ಹೊಳೆಗೆ ಬರುವುದಿಲ್ಲ, ಒಣಗಿದ ಎರೆ ಭೂಮಿ ಮೊದಲ ಮಳೆಗಳನ್ನು ಬಿರುಕಿನೊಳಗೇ ಕುಡಿದುಬಿಡುತ್ತದೆ. ನಿಮ್ಮ ಲೆಕ್ಕದಲ್ಲಿ ಬಿದ್ದ ಮಳೆಗಿಂತ ಹರಿದ ನೀರು ಜಾಸ್ತಿ ಬಂದರೆ ಯೂನಿಟ್ ತಪ್ಪಿದೆ, ಅಥವಾ ಮೇಲಿನ ಡ್ಯಾಂ ಮರೆತಿದ್ದೀರಿ.

ಡ್ಯಾಂನ ಮಟ್ಟ ಕೆಲವು ವರದಿಯಲ್ಲಿ ಅಡಿ, ಕೆಲವದರಲ್ಲಿ ಮೀಟರ್. ಸೇತುವೆಯ ಗೇಜ್ ಮೇಲಿನ ಅಂಕಿ ಸಮುದ್ರ ಮಟ್ಟದಿಂದಲೋ, ಗೇಜ್‌ನ ಸೊನ್ನೆಯಿಂದಲೋ ಕೇಳಿಕೊಳ್ಳಿ. ಯೂನಿಟ್ ಕಾಲಂ ಇಟ್ಟದ್ದು ಇದಕ್ಕೇ, ಖಾಲಿ ಬಿಡಬೇಡಿ.

## ಕೊನೆಗೆ ಫೋಲ್ಡರ್‌ನಲ್ಲಿ ಒಂದು ಚೀಟಿ

ಒಂದು ಸಾದಾ ಟೆಕ್ಸ್ಟ್ ಫೈಲ್ ಮಾಡಿ: ಯಾವ ಡಿಇಎಂ, ಯಾವ ತುಂಡುಗಳು, ಇಳಿಸಿದ ದಿನಾಂಕ, ಇಪಿಎಸ್‌ಜಿ ಸಂಖ್ಯೆ, ಮಿನಿಮಮ್ ಸೈಜ್ ಎಷ್ಟು, ಔಟ್‌ಲೆಟ್‌ನ ಎಕ್ಸ್ ಮತ್ತು ವೈ, ಆ ಚೌಕದ ಅಕ್ಯುಮುಲೇಶನ್ ಅಂಕಿ, ಬಂದ ವಿಸ್ತೀರ್ಣ. ಎಚ್‌ಇಸಿ-ಎಚ್‌ಎಂಎಸ್‌ನಂಥ ಪ್ರವಾಹದ ಸಾಫ್ಟ್‌ವೇರ್‌ಗೆ ಹೋಗುವವರು ಅಲ್ಲಿ ಮೊದಲು ತುಂಬಬೇಕಾದದ್ದು ಈ ವಿಸ್ತೀರ್ಣವನ್ನೇ. ನನಗೆ ಮೆಸೇಜ್ ಮಾಡುವವರೂ ಸ್ಕ್ರೀನ್‌ಶಾಟ್ ಬದಲು ಈ ಚೀಟಿ ಕಳಿಸಿ.